ತವರುಬಳ್ಳಿಗೆ ಒಂದು ಬೆರಳು

ಆ ಊರಿನ ದ್ರಾಕ್ಷಿಯೆಲ್ಲ ಒಂದೇ ಬಳ್ಳಿಯ ಸಂತಾನ. ಹಿಂದೆ ಯಾರೋ ಪುಣ್ಯಾತ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೇಣುದ್ದದ ಕಡ್ಡಿಯನ್ನು ಹಣ್ಣು ಹಿಂಡುವ ಮನೆಯ ಗೋಡೆ ಪಕ್ಕ ನೆಟ್ಟನಂತೆ. ಅದರಿಂದ ಕತ್ತರಿಸಿದ ಕಡ್ಡಿಗಳೇ ಗುಡ್ಡದ ತುಂಬ ತೋಟವಾದವು. ಅದಕ್ಕೇ ಊರವರು ಆ ಮುದಿ ಬಳ್ಳಿಯನ್ನು ‘ತವರು’ ಎನ್ನುತ್ತಾರೆ. “ತವರು ಚಿಗುರಿತಾ?” ಎಂದು ಯಾರಾದರೂ ಕೇಳಿದರೆ ಹೊರಗಿನವರು ಕಣ್ಣು ಕಣ್ಣು ಬಿಡಬೇಕು.

ಆ ಹಿಂಡುವ ಮನೆಯಲ್ಲೇ ಇದ್ದುಕೊಂಡು ತವರನ್ನು ತಂತಿಗೆ ಕಟ್ಟುವವಳು ಗಂಟಕ್ಕ. ಗಂಟು ಹಾಕುತ್ತಾಳೆಂದು ಆ ಹೆಸರು ಎನ್ನುವವರುಂಟು, ಸದಾ ಮುಖ ಗಂಟಿಕ್ಕಿಕೊಂಡಿರುತ್ತಾಳೆ ಅದಕ್ಕೆ ಎನ್ನುವವರೂ ಉಂಟು. ಎರಡೂ ಸುಳ್ಳಲ್ಲ.

ಆ ಊರಿನ ಗಂಟಿಗೆ ಇಬ್ಬರು ಬೇಕು. ಒಬ್ಬರು ನಾರು ಸುತ್ತಿ ಎಳೆಯಬೇಕು, ಇನ್ನೊಬ್ಬರು ನಾರಿಗೂ ಬಳ್ಳಿಗೂ ನಡುವೆ ತೋರುಬೆರಳು ಇಟ್ಟಿರಬೇಕು. ಗಂಟು ಬಿದ್ದ ಮೇಲೆ ಬೆರಳು ತೆಗೆದರೆ, ಬಳ್ಳಿ ದಪ್ಪವಾಗಲು ಅಷ್ಟು ಜಾಗ ಉಳಿಯುತ್ತದೆ. ಉಳಿದ ತೋಟಗಳಿಗೆಲ್ಲ ಪ್ಲಾಸ್ಟಿಕ್ ಕ್ಲಿಪ್ಪು ಬಂದು ಯಾವ ಕಾಲವಾಯಿತೋ. ತವರಿಗೆ ಮಾತ್ರ ಇಂದಿಗೂ ನಾರೇ.

ಬೆರಳಿಡುತ್ತಿದ್ದವಳು ಅವಳ ತಂಗಿ. ಮದುವೆಯಾಗಿ ಗುಡ್ಡದಾಚೆಗೆ ಹೊರಟು ನಿಂತ ದಿನ ಗಂಟಕ್ಕನಿಗೆ ಅಳು ಬಂತು. ಅಳುವ ಬದಲು, “ಹೋಗು ಹೋಗು. ನಿನ್ನ ಬೆರಳಿಲ್ಲ ಅಂತ ಬಳ್ಳಿ ಏನೂ ನೆಲಕ್ಕೆ ಬೀಳಲ್ಲ” ಎಂದುಬಿಟ್ಟಳು. ತಂಗಿ ಮತ್ತೆ ಹೊಸ್ತಿಲು ತುಳಿಯಲಿಲ್ಲ. ಇವಳು ಬೆರಳಿನ ಜಾಗದಲ್ಲಿ ಒಂದು ಕಡ್ಡಿ ಇಟ್ಟು ಕಟ್ಟುತ್ತ ಬಂದಳು.

ಈ ವರ್ಷ ನೋಡಿದರೆ ನಾರು ತೊಗಟೆಯೊಳಗೆ ಇಳಿದು, ಬಳ್ಳಿಯ ಒಂದು ಕವಲೇ ಒಣಗಿತ್ತು. ಕಡ್ಡಿಗೇನು ಗೊತ್ತು? ಬೆರಳಾಗಿದ್ದರೆ “ಅಕ್ಕಾ, ಬಿಗಿ ಆಯ್ತು” ಎನ್ನುತ್ತಿತ್ತು. ಹಾಗೆ ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದಳು. “ನನ್ನ ತಂಗಿಗೆ ಹೇಳಪ್ಪ, ತವರಿಗೆ ಒಂದ್ಸಲ ಬಂದು ಹೋಗ್ಬೇಕಂತೆ ಅಂತ.” ‘ನೀನು ಬೇಕು’ ಎನ್ನಲು ಅವಳಿಗೆ ಬಾಯಿ ಎಲ್ಲಿ ಬರಬೇಕು?

ಮರುದಿನವೇ ತಂಗಿ ಬಂದಳು, ಕೈಯಲ್ಲಿ ದೊಡ್ಡ ಬ್ಯಾಗು. ಇಷ್ಟು ವರ್ಷ ಹೊರಗಿದ್ದವಳಿಗೆ ತವರೆಂದರೆ ಮನೆಯೇ.

“ಅಂತೂ ಕರೆದ್ಯಲ್ಲಕ್ಕ. ಹತ್ತು ದಿನ ಇದ್ದು ಬರ್ತೀನಿ ಅಂತ ಹೇಳೇ ಬಂದೆ.”

ಗಂಟಕ್ಕನ ಎದೆ ತುಂಬಿ ಬಂತು. ಹಾಳು ನಾಲಿಗೆ ಕೇಳಬೇಕಲ್ಲ. “ಕರೆದಿದ್ದು ಬಳ್ಳಿ ಕಟ್ಟೋಕೆ ಕಣೇ. ಒಂದು ಬೆರಳು ಬೇಕಿತ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಬ್ಯಾಗನ್ನು ಬಾಗಿಲ ಹೊರಗೇ ಇಟ್ಟು ಗೋಡೆಯ ಕಡೆ ನಡೆದಳು.

ಇವಳು ಎಳೆದಳು, ಅವಳು ಬೆರಳಿಟ್ಟಳು. ಆ ಬೆರಳಿನ ಗೆಣ್ಣು ಈಗ ಊದಿತ್ತು. “ಅಕ್ಕಾ, ಬಿಗಿ ಆಯ್ತು.” ಗಂಟಕ್ಕ ಸಡಿಲಿಸಿದಳು. ಕೊನೆಯ ಗಂಟನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

“ಸರಿಯಾಗೇ ಇತ್ತಲ್ಲ?” ಎಂದಳು ತಂಗಿ.

“ಇಲ್ಲ, ಬಿಗಿ ಆಗಿತ್ತು.”

ಕೊನೆಗೆ ಕಟ್ಟಲು ಯಾವ ಗಂಟೂ ಉಳಿಯಲಿಲ್ಲ. ತಂಗಿ ಸೆರಗಿಗೆ ಕೈ ಒರೆಸಿಕೊಂಡಳು.

“ಬಸ್ಸು ಎಷ್ಟೊತ್ತಿಗಕ್ಕ?”

ಅವಳು ಕೇಳಿದ್ದು ಬಸ್ಸನ್ನಲ್ಲ ಎಂದು ಗಂಟಕ್ಕನಿಗೆ ಗೊತ್ತಿತ್ತು. ‘ಇರು’ ಎಂದರೆ ಸಾಕಿತ್ತು. ಎರಡೇ ಅಕ್ಷರ.

“ಐದೂವರೆಗೆ,” ಎಂದಳು.

ತಂಗಿ ಬಾಗಿಲ ಹೊರಗಿದ್ದ ಬ್ಯಾಗು ಎತ್ತಿಕೊಂಡು ಹೊರಟಳು.

ಬಸ್ಸಿನ ಸದ್ದು ಗುಡ್ಡದಾಚೆ ಅಡಗಿದ ಮೇಲೆ ಗಂಟಕ್ಕ ಮತ್ತೆ ಗೋಡೆಯ ಹತ್ತಿರ ಹೋದಳು. ಕೊನೆಯ ಗಂಟಿನೊಳಗೆ ತನ್ನ ಬೆರಳು ತೂರಿಸಿದಳು. ಬೆರಳು ಹೋಗಿಯೂ ಇನ್ನಷ್ಟು ಜಾಗ ಉಳಿದಿತ್ತು.

“ಇರೇ,” ಎಂದಳು.

ಬಳ್ಳಿ ಎಲ್ಲಿಗೆ ಹೋದೀತು?