ಅನಿಲ ನಿಲ್ಲಿಸಿದ ಅಕ್ಕ

ಅಕ್ಕನಿಗೆ ಕೆಲಸ ಹೈಡ್ರೋಜನ್ ಘಟಕದಲ್ಲಿ, ತಂಗಿಗೆ ಅದೇ ಹೈಡ್ರೋಜನ್‌ನಿಂದ ಓಡುವ ಹೊಸ ಬಸ್ಸಿನಲ್ಲಿ. ಘಟಕದಲ್ಲಿ ಅಮೋನಿಯಾವನ್ನು ಕುಲುಮೆಗೆ ಬಿಟ್ಟು, ಒಡೆದು, ಹೈಡ್ರೋಜನ್ ತೆಗೆಯುತ್ತಿದ್ದರು. ಒಡೆಯದೆ ಉಳಿದ ಚೂರುಪಾರು ಅಮೋನಿಯಾವನ್ನು ಹಿಡಿದಿಡುವುದು ಅಕ್ಕನ ಪಾಲಿನ ಕೆಲಸ. ಆಳೆತ್ತರದ ಎರಡು ಉಕ್ಕಿನ ಕಂಬಗಳು, ಒಳಗೆ ಸಾಸಿವೆ ಗಾತ್ರದ ಬಿಳಿ ಹರಳು. ಒಂದು ಕಂಬ ಅಮೋನಿಯಾ ಹೀರುವಾಗ ಇನ್ನೊಂದನ್ನು ಕಾಯಿಸಿ, ಹೀರಿದ್ದನ್ನು ಬಿಡಿಸಿ, ಆರಲು ಬಿಡಬೇಕು. ಮೂಗಿಗೆ ತಿಳಿಯದಷ್ಟು ಅಮೋನಿಯಾ ಜಾರಿಹೋದರೂ ಸಾಕು, ಬಸ್ಸಿಗೆ ವಿದ್ಯುತ್ ಕೊಡುವ ಇಂಧನ ಕೋಶ ಸೊರಗುತ್ತದೆ.

ತಂಗಿ ಆ ಬಸ್ಸಿಗೆ ಚಾಲಕಿಯಾಗಿ ಆಯ್ಕೆಯಾದಂದಿನಿಂದ ಅಕ್ಕನ ಹೊಟ್ಟೆಯೊಳಗೆ ಕೆಂಡ. ಅಮ್ಮ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, "ನಮ್ಮ ಚಿಕ್ಕವಳ ಬಸ್ಸು ಹೊಗೆ ಉಗುಳಲ್ಲ, ಬರೀ ನೀರು ಬಿಡುತ್ತೆ" ಎನ್ನುತ್ತಿದ್ದಳು. ದೊಡ್ಡವಳ ಬಗ್ಗೆ ಕೇಳಿದರೆ, "ಅವಳು ಎಂಥದೋ ಕಂಬ ಕಾಯ್ತಾಳೆ." ತಂಗಿ ಹೊಸ ಸಮವಸ್ತ್ರ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅಕ್ಕ ಬೇಕೆಂದೇ ದೀಪ ಆರಿಸಿದ್ದೂ ಉಂಟು.

ಮೊದಲ ಓಟದ ಬೆಳಿಗ್ಗೆ. ನಿಲ್ದಾಣದಲ್ಲಿ ಕ್ಯಾಮೆರಾ, ಕುರ್ಚಿ, ಜನ. ಬಸ್ಸು ಟ್ಯಾಂಕು ತುಂಬಿಸಿಕೊಳ್ಳಲು ಘಟಕಕ್ಕೆ ಬಂದು ನಿಂತಿತ್ತು. ಅಷ್ಟರಲ್ಲಿ ಅಕ್ಕನ ಮುಂದಿದ್ದ, ಅಮೋನಿಯಾ ಅಳೆಯುವ ಮಾಪಕದ ಮುಳ್ಳು ಕೆಂಪು ಗೆರೆ ದಾಟಿತು. ಹರಳು ಅವಧಿಗೆ ಮೊದಲೇ ತುಂಬಿಹೋಗಿತ್ತು. ಇನ್ನೊಂದು ಕಂಬದ ಬಿಸಿ ಇನ್ನೂ ಆರಿರಲಿಲ್ಲ. ಅಕ್ಕ ಕವಾಟ ತಿರುಗಿಸಿ ಅನಿಲ ನಿಲ್ಲಿಸಿದಳು. ಮಾಡಬೇಕಾದದ್ದೇ ಅದು. ಆದರೆ ಕೈ ತಿರುಗುತ್ತಿದ್ದಂತೆ ಎದೆಯಲ್ಲಿ ಎಂಥದೋ ತಂಪು ಹರಡಿದ್ದು ಅವಳಿಗೇ ಗೊತ್ತಾಯಿತು.

ತಂಗಿ ಧಾವಿಸಿ ಬಂದಳು. "ಇವತ್ತೇ ಕೈಕೊಡಬೇಕಿತ್ತಾ ನಿನ್ನ ಕಂಬ? ನಂಗೊತ್ತು, ಇದು ಹೊಟ್ಟೆಕಿಚ್ಚು!"

"ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನಲ್ಲ," ಎಂದಳು ಅಕ್ಕ. "ಅಮೋನಿಯಾನೂ ಇದೆ. ಮುಳ್ಳು ನೋಡು."

ತಂಗಿ ನೋಡಲಿಲ್ಲ. ಮೇಲ್ವಿಚಾರಕ ನೋಡಿದ, ಇನ್ನೊಂದು ಮಾಪಕ ತರಿಸಿ ಹೋಲಿಸಿದ. ಓಟ ರದ್ದಾಯಿತು. ಕುಲುಮೆ ಕಾಯಿಸುವ ತಂತಿಸುರುಳಿಯೊಂದು ಸುಟ್ಟು, ಕಾವು ಇಳಿದು, ಒಡೆಯದ ಅಮೋನಿಯಾ ಕಂಬಕ್ಕೆ ನುಗ್ಗಿತ್ತೆಂದು ಮಧ್ಯಾಹ್ನ ತಿಳಿಯಿತು.

ಮನೆಯಲ್ಲಿ ತಂಗಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅಕ್ಕನಿಗೆ ಪಾಪ ಅನ್ನಿಸಿತು. ಆದರೆ ಅಮ್ಮ ಆ ಬಾಗಿಲಿಗೆ ಆತುಕೊಂಡು ಚಿಕ್ಕವಳನ್ನೇ ರಮಿಸುವುದು ಕಂಡು ಮತ್ತೆ ಉರಿಯಿತು. ಅಷ್ಟು ಹೊತ್ತು ಘಟಕದಲ್ಲಿ ನಿಂತು ಬಂದವಳಿಗೆ ಒಂದು ಲೋಟ ನೀರು ಕೊಟ್ಟವರಿಲ್ಲ.

ಕುಲುಮೆ ರಿಪೇರಿಯಾದ ಮೇಲೆ ಬಸ್ಸು ಗದ್ದಲವಿಲ್ಲದೆ ಹೊರಟಿತು. ಕ್ಯಾಮೆರಾದವರು ಬರಲಿಲ್ಲ. ತಂಗಿ ಘಟಕದ ಗೇಟಿನಲ್ಲಿ ಬ್ರೇಕು ಹಾಕಿ, ಅಕ್ಕನ ಮುಖ ನೋಡದೆಯೇ, "ಹತ್ತು, ಮುಂದಿನ ಸೀಟು ಖಾಲಿ ಇದೆ," ಎಂದಳು. ಅಕ್ಕ ಹತ್ತಿದಳು. ಇಕ್ಕಟ್ಟಿನ ತಿರುವಿನಲ್ಲಿ ತಂಗಿ ಅಷ್ಟುದ್ದದ ಬಸ್ಸನ್ನು ಹಿಂದೆಮುಂದೆ ಮಾಡದೆ ಹೊರಳಿಸಿದಳು. ರಸ್ತೆ ಬದಿಯವರು ಕೈಬೀಸಿದರು. ಬೀಸಿದ್ದು ಚಾಲಕಿಗೆ.

"ನಂಗೂ ಇದನ್ನ ಕಲಿಸ್ತೀಯಾ?" ಎಂದಳು ಅಕ್ಕ.

"ನನ್ನ ಸೀಟಿನ ಮೇಲೇ ಕಣ್ಣಾ?"

"ಹೂಂ."

ತಂಗಿಗೆ ನಗು ತಡೆಯಲಾಗಲಿಲ್ಲ. "ಭಾನುವಾರ ಬೇಗ ಏಳು. ತಪ್ಪು ಮಾಡಿದ್ರೆ ಬಯ್ತೀನಿ."

"ಬಯ್ಯಿ," ಎಂದ ಅಕ್ಕ, ತಂಗಿಯ ಕಾಲು ಯಾವ ಪೆಡಲಿನ ಮೇಲಿದೆಯೆಂದು ಬಗ್ಗಿ ನೋಡತೊಡಗಿದಳು.