ಒನಕೆ ಜಾರಲಿಲ್ಲ

ರೇಖಾ, ಆ ದಿನ ಒನಕೆ ಜಾರಲಿಲ್ಲ. ನಾನೇ ಅದನ್ನು ನಿನ್ನ ಕೈ ಮೇಲೆ ಹಾಕಿದೆ. ಕಣ್ಣಾರೆ ನೋಡಿ, ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಹಾಕಿದೆ. ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ದಿನ ಈ ಮಾತು ನನ್ನ ಗಂಟಲಿನಿಂದ ಕೆಳಗೂ ಇಳಿಯಲಿಲ್ಲ, ಮೇಲೂ ಬರಲಿಲ್ಲ.

ನೀನು ಮರಾಠಿ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ನಮ್ಮ ಹಾಗೇ ಕನ್ನಡ ಮಾತಾಡುತ್ತೀ, ಆದರೆ ವಿಜಯಪುರದ ಬಸ್ಸಿನ ಕನ್ನಡ ಬೋರ್ಡನ್ನು ಇವತ್ತಿಗೂ ನನ್ನಿಂದ ಓದಿಸಿಕೊಳ್ಳುತ್ತೀ. ನಾನು ಇದನ್ನು ಕನ್ನಡದಲ್ಲಿ ಬರೆಯಲು ಕೂತದ್ದು ಅದಕ್ಕೇ ಇರಬೇಕು ಎಂದು ಮೊದಲ ಸಾಲು ಬರೆದ ಮೇಲೆ ಹೊಳೆಯಿತು. ಹೇಳಿದ ಹಾಗೂ ಆಗಬೇಕು, ನಿನಗೆ ತಿಳಿಯಲೂ ಬಾರದು — ಎಂಥ ಕಳ್ಳಬುದ್ಧಿ ನನ್ನದು! ಅದಕ್ಕೆ ಈಗಲೇ ಮಾತು ಕೊಡುತ್ತೇನೆ. ಇದನ್ನು ನಾನೇ ನಿನಗೆ ಓದಿ ಹೇಳುತ್ತೇನೆ, ಒಂದು ಸಾಲೂ ಬಿಡದೆ.

ನೀನು ನನ್ನ ಮೈದುನನ ಹೆಂಡತಿಯಾಗಿ ಸೊಲ್ಲಾಪುರದಿಂದ ಅಕ್ಕಲಕೋಟೆಯ ಆಚೆಗಿನ ನಮ್ಮ ಹಳ್ಳಿಗೆ ಬಂದಾಗ ನಾನು ಗಂಡನ ಹೊಡೆತಕ್ಕೆ ಹಳಬಳಾಗಿದ್ದೆ. ಅವರ ಕೈ ನೋಡಿದ್ದೀಯಲ್ಲ, ಕೊಬ್ಬಿದ ಹೋರಿಯನ್ನು ಒಂದೇ ಕೈಯಲ್ಲಿ ಜಗ್ಗಿ ನಿಲ್ಲಿಸುವ ಕೈ. ಚಪ್ಪಲಿ, ಬಾರುಕೋಲು, ಊಟದ ತಾಟು — ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದರು. ನಾನೂ ಏನು ಸಾಧುವಲ್ಲ. ಅವರು ಹೊಡೆದದ್ದು ನನ್ನ ಮೈಯಲ್ಲಿ ನಿಲ್ಲುತ್ತಿರಲಿಲ್ಲ, ಮುಂದೆ ಹೋಗುತ್ತಿತ್ತು. ಹಾಲು ಹಿಂಡಗೊಡದ ಎಮ್ಮೆಗೆ. ಹಠ ಹಿಡಿದ ಮಗನಿಗೆ. ಮಲ್ಲಿನಾಥ ಇನ್ನೂ ಸಾಲೆಗೆ ಹೋಗದ ಕೂಸು, ಅವನ ಬೆನ್ನ ಮೇಲೆ ನನ್ನ ಐದೂ ಬೆರಳು ಕೆಂಪಗೆ ಮೂಡಿದ್ದವು. ಅವನನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಎಣ್ಣೆ ಹಚ್ಚಿದವಳು ನೀನು.

ಒನಕೆ ಬೀಳುವ ಹಿಂದಿನ ದಿನ. ಮಧ್ಯಾಹ್ನ. ಯಾತಕ್ಕೆ ಶುರುವಾಯಿತೋ ನೆನಪಿಲ್ಲ, ಆ ಮನೆಯಲ್ಲಿ ಅದಕ್ಕೆ ಕಾರಣ ಬೇಕಾಗಿಯೂ ಇರಲಿಲ್ಲ. ನನ್ನ ತುರುಬು ಹಿಡಿದು ಅಂಗಳದ ತನಕ ಎಳೆದು ತಂದರು. ಕಾಲಿನ ಚಪ್ಪಲಿ ಕೈಗೆ ಬಂತು. ಕಿವಿಯ ಮೇಲೆ, ಬಾಯಿಯ ಮೇಲೆ, ಎದೆಯ ಮೇಲೆ — ಬಾಯಲ್ಲಿ ರಕ್ತದ ರುಚಿ, ಕಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು. ಅತ್ತೆ ಕಟ್ಟೆಯ ಮೇಲೆ ಬೇಳೆ ಆರಿಸುತ್ತ ಕೂತಿದ್ದರು. ಒಂದು ಸಲ ತಲೆ ಎತ್ತಿ ನೋಡಿ, ಮತ್ತೆ ಆರಿಸತೊಡಗಿದರು.

ಆಗ ನೀನು ಒಳಗಿನಿಂದ ಬಂದೆ. ರೊಟ್ಟಿ ಬಡಿಯುತ್ತಿದ್ದ ಕೈ, ಮಣಿಕಟ್ಟಿನ ತನಕ ಜೋಳದ ಹಿಟ್ಟು. ತಮ್ಮನ ಹೆಂಡತಿ ಭಾವನ ಎದುರು ತಲೆಯ ಮೇಲಿನ ಸೆರಗು ಜಾರಗೊಡದ ಮನೆ ಅದು. ಅವರ ತಾಟನ್ನು ಕೂಡ ನೀನು ದೂರದಿಂದ ನೆಲಕ್ಕಿಟ್ಟು ಸರಿಸುತ್ತಿದ್ದೆ. ಅಂಥವಳು ಬಂದು ಅವರ ಮಣಿಕಟ್ಟು ಹಿಡಿದುಬಿಟ್ಟೆ.

“ಭಾವಾರ, ಸಾಕ್ ಬಿಡ್ರಿ. ಸತ್ತ ಹೋಗ್ತಾರ ಅಕ್ಕಾ.”

ಅವರು ನಿನ್ನ ಮುಖ ನೋಡಲಿಲ್ಲ. ತಮ್ಮ ಮಣಿಕಟ್ಟಿನ ಮೇಲೆ ಮೂಡಿದ ಹಿಟ್ಟಿನ ಬೆರಳುಗಳನ್ನು ನೋಡಿದರು. ಚಪ್ಪಲಿ ಕೆಳಗೆ ಬಿತ್ತು. ಬರಿಗಾಲಲ್ಲೇ ಹೊಲದ ಕಡೆ ಹೋದರು.

ನನಗೆ ಆಗ ಏನು ಅನ್ನಿಸಿತು ಗೊತ್ತೇ? ಬದುಕಿದೆ ಅನ್ನಿಸಲಿಲ್ಲ. ನಾನು ಕಾಲು ಹಿಡಿದರೂ ನಿಲ್ಲದ ಕೈ ನೀನು ಮುಟ್ಟಿದ ಕೂಡಲೇ ನಿಂತಿತಲ್ಲ — ಅದು ಉರಿಯಿತು. ನಿನ್ನೆ ಮೊನ್ನೆ ಬಂದವಳು ನನ್ನನ್ನು ಕಾಪಾಡಿದಳಲ್ಲ, ನಾಳೆಯಿಂದ ನನ್ನನ್ನು ಕನಿಕರದಿಂದ ನೋಡುತ್ತಾಳಲ್ಲ... ರಾತ್ರಿಯೆಲ್ಲ ಮೈಯ ನೋವಿಗಿಂತ ಅದನ್ನೇ ಅಗಿದೆ.

ಮರುದಿನ ಬೆಳಿಗ್ಗೆ ಶೇಂಗಾ ಚಟ್ನಿ ಕುಟ್ಟುವುದಿತ್ತು. ನಿನ್ನ ತವರಿಗೆ ಕಳಿಸಲು. ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಕೆಂಪು ಖಾರದ ಪುಡಿ — ನೆಲದಲ್ಲಿ ಹೂತ ಕಲ್ಲಿನ ಒರಳು, ತುದಿಗೆ ಕಬ್ಬಿಣದ ಬಳೆ ಬಡಿದ ಒನಕೆ. ನಾನು ನಿಂತು ಕುಟ್ಟುವವಳು, ನೀನು ಕೂತು ತಿರುವುವವಳು. ಒನಕೆ ಮೇಲಕ್ಕೆ ಹೋದಾಗ ನಾನು “ಹೂಂ” ಎನ್ನಬೇಕು. ಆ ಹೂಂ ಕೇಳಿ ನೀನು ಒರಳಿಗೆ ಕೈ ಹಾಕಿ, ಅಂಚಿಗೆ ಹತ್ತಿದ್ದನ್ನು ನಡುವಿಗೆ ತಳ್ಳಿ, ಕೈ ತೆಗೆಯಬೇಕು. ತೆಗೆದ ಮೇಲೆ ಒನಕೆ ಇಳಿಯಬೇಕು. ನೀನು ಒನಕೆಯನ್ನು ನೋಡುತ್ತಲೇ ಇರಲಿಲ್ಲ. ನನ್ನ ಹೂಂ ಒಂದನ್ನೇ ನಂಬಿ ಕೈ ಹಾಕುತ್ತಿದ್ದೆ.

ಕುಟ್ಟುತ್ತ ಕುಟ್ಟುತ್ತ ನೀನು ತಲೆ ಬಗ್ಗಿಸಿಕೊಂಡೇ ಮೆಲ್ಲಗೆ ಅಂದೆ —

“ಅಕ್ಕಾ, ಯಾಕ ಸೈಸ್ಕೋತೀರಿ? ನಮ್ಮ ತವರಮನ್ಯಾಗ ನಾಯಿಗಿನೂ ಹಿಂಗ ಬಡಿಯಂಗಿಲ್ಲ.”

ಪ್ರೀತಿಯಿಂದ ಅಂದದ್ದು. ಆಗಲೇ ಗೊತ್ತಿತ್ತು ನನಗೆ. ಆದರೆ ನನ್ನ ಕಿವಿಗೆ ಬಿದ್ದದ್ದು ನಾಯಿ ಎಂಬ ಮಾತೊಂದೇ.

ಒನಕೆ ಎತ್ತಿದೆ. ಹೂಂ ಅಂದೆ. ನಿನ್ನ ಕೈ ಒಳಗೆ ಬಂತು — ಹಿಂದಿನ ದಿನ ಅವರ ಮಣಿಕಟ್ಟು ಹಿಡಿದ ಅದೇ ಬಲಗೈ. ಬರಲಿ ಎಂದು ಕಾದೆ. ಬಂದ ಮೇಲೆ ಹಾಕಿದೆ.

ಎಲುಬು ಮುರಿದ ಸದ್ದು ಬೇರೆಯಾಗಿ ಕೇಳಲಿಲ್ಲ. ಶೇಂಗಾ ಜಜ್ಜಿದ ಸದ್ದೇ, ಸ್ವಲ್ಪ ದಪ್ಪ. ನೀನು ಮೊದಲು ಕಿರುಚಲಿಲ್ಲ, ನನ್ನ ಮುಖ ನೋಡಿದೆ. ಒಡೆದ ಚರ್ಮದೊಳಕ್ಕೆ ಖಾರ, ಉಪ್ಪು ಇಳಿದ ಮೇಲೆ ಕಿರುಚಿದೆ. ಆ ಕಿರುಚು ಓಣಿಯ ತುದಿಯ ತನಕ ಹೋಯಿತಂತೆ. ಉಗುರು ಕಿತ್ತು ಚಟ್ನಿಯಲ್ಲಿ ಬಿದ್ದಿತ್ತು. ಮತ್ತೆ ಇನ್ನೊಂದು — ಇದನ್ನೂ ಮುಚ್ಚಿಡುವುದಿಲ್ಲ — ನಾನು ಒನಕೆಯನ್ನು ಮತ್ತೆ ಎತ್ತಿದ್ದೆ. ಎರಡನೆಯ ಏಟಿಗೆ. ಅತ್ತೆ ಓಡಿ ಬಂದ ಸಪ್ಪಳ ಕೇಳಿ ನಿಂತೆ, ಇಲ್ಲದಿದ್ದರೆ ನಿಲ್ಲುತ್ತಿರಲಿಲ್ಲ. ಎದೆಯಲ್ಲಿ ಎಂಥದೋ ಹಗುರ ಅನ್ನಿಸಿತು, ರೇಖಾ. ಅದು ಸುಖವೇ.

“ಹೂಂ ಅನ್ನೂಕಿಂತ ಮೊದಲ ಕೈ ಹಾಕಿದ್ಲು ನೋಡ್ರಿ!” ಎಂದು ಅತ್ತೆಯ ಎದುರು ಕೂಗಿದವಳು ನಾನೇ.

ಟೆಂಪೋದಲ್ಲಿ ಅಕ್ಕಲಕೋಟೆಗೆ, ಅಲ್ಲಿ ಆಗುವುದಿಲ್ಲವೆಂದು ಸೊಲ್ಲಾಪುರಕ್ಕೆ. ಟವೆಲಿನಲ್ಲಿ ಸುತ್ತಿದ ನಿನ್ನ ಕೈ ನನ್ನ ತೊಡೆಯ ಮೇಲಿತ್ತು. ರಕ್ತ ಟವೆಲು ದಾಟಿ ನನ್ನ ಸೀರೆಗೆ ಇಳಿಯುತ್ತಿತ್ತು. ನಾನು ಅಳುತ್ತಿದ್ದೆ, ಸಿಕ್ಕಿಬೀಳುವ ಹೆದರಿಕೆಗೆ. ನೀನು ಎಡಗೈಯಿಂದ ನನ್ನ ಕಣ್ಣು ಒರೆಸಿ ಅಂದೆ — “ಅಳಬ್ಯಾಡ್ರಿ ಅಕ್ಕಾ. ನಂದ ತಪ್ಪು. ನೀವು ಹೂಂ ಅಂದಂಗ ಕೇಳಿಸ್ತು ನನಗ.” ನಿನ್ನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಆಗ ಒಂದು ಮಾತು ಹೇಳಿದ್ದರೆ... ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೀ ಕೈ ಮುರಿದವಳು. ಮುಂದೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ನೀನು ಬ್ಯಾಂಡೇಜು ಕಟ್ಟಿಸಿಕೊಂಡು ಊರಿಗೆ ಬಂದ ದಿನ ಅವರು ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದರು, “ಮುಟ್ಟಬಾರದ್ದ ಮುಟ್ಟಿದ ಕೈ ಅದು. ದೇವ್ರ ನೋಡ್ಕೊಂಡಾನ.” ಅತ್ತೆ ಹೌದೆಂದು ತಲೆ ಆಡಿಸಿದರು. ನಿನ್ನ ಗಂಡ ನಿನ್ನ ಚೀಲ ಎತ್ತಿಕೊಂಡು ಅಣ್ಣನನ್ನು ದಾಟಿ ಒಳಗೆ ಹೋದ. ಅಡಿಗೆಮನೆಯಲ್ಲಿ ನೀನು ನನ್ನನ್ನು ಕೇಳಿದೆ.

“ಖರೇ ಏನ್ರಿ ಅಕ್ಕಾ? ನಾ ಭಾವಾರ ಕೈ ಹಿಡದದ್ದು ಪಾಪ ಆತೇನ್ರಿ?”

ನಾನು ಒಲೆಯ ಕಡೆ ತಿರುಗಿಕೊಂಡೇ ಅಂದೆ, “ಇರಬಹುದವಾ.”

ಒನಕೆ ಬಿದ್ದದ್ದು ಒಂದೇ ಸಲ. ಈ ಮಾತು ದಿನಾ ಬಿದ್ದಿತು. ಎಂಟು ದಿನ ಕಳೆಯುವುದರೊಳಗೆ ಅವರು ಮತ್ತೆ ನನ್ನನ್ನು ಹೊಡೆದರು, ದೇವರೇ ತಮ್ಮ ಕಡೆಗಿದ್ದಾನೆ ಎನ್ನುವ ಧೈರ್ಯದಲ್ಲಿ. ನೀನು ಬಾಗಿಲಿಗೆ ಬಂದೆ, ಬ್ಯಾಂಡೇಜಿನ ಕೈಯನ್ನು ನೋಡಿಕೊಂಡೆ, ಒಳಗೆ ಹೋದೆ. ನನಗೆ ನ್ಯಾಯವಾಗಿಯೇ ಸಿಕ್ಕಿತು. ಆದರೆ ನಿನಗೆ?

ಎಲುಬು ಕೂಡಿತು, ನರ ಮಾತ್ರ ಮೊದಲಿನಂತಾಗಲಿಲ್ಲ. ನಡುವಿನ ಬೆರಳು, ಉಂಗುರದ ಬೆರಳು, ಕಿರುಬೆರಳು — ಮೂರಕ್ಕೂ ಇವತ್ತಿನ ತನಕ ಜುಮುಜುಮು ನಿಂತಿಲ್ಲ. “ಮುಂಗ್ಯಾ ಬಂದಾವ್ರಿ ಅಕ್ಕಾ” ಎನ್ನುತ್ತೀ. ಮುಂಗಿ ಎಂದರೆ ಮರಾಠಿಯಲ್ಲಿ ಇರುವೆ. ಚಳಿಗಾಲದ ಬೆಳಿಗ್ಗೆ ತಣ್ಣೀರು ಮುಟ್ಟಿದರೆ ಆ ಇರುವೆಗಳು ಸೂಜಿಯಾಗುತ್ತವೆ. ಹೆಂಚು ಸುಟ್ಟದ್ದು ತಿಳಿಯದೆ ಎಷ್ಟು ಸಲ ಬೊಬ್ಬೆ ಎದ್ದಿವೆ, ಅದಕ್ಕೇ ಈಗ ಎಲ್ಲವನ್ನೂ ಮೊದಲು ಎಡಗೈಯಿಂದ ಮುಟ್ಟಿ ನೋಡುತ್ತೀ. ಕುಂಕುಮವನ್ನೂ ಎಡಗೈಯಿಂದಲೇ ಇಟ್ಟುಕೊಳ್ಳುತ್ತೀ, ಕುಬಸದ ಹುಕ್ಕನ್ನು ಹಲ್ಲು ಕಚ್ಚಿ ಹಾಕುತ್ತೀ. ಸೊಲ್ಲಾಪುರದ ಡಾಕ್ಟರು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದವಳು ನೀನು. ಬೆಚ್ಚಗೆ ಮಾಡಿದ ಜೋಳದಲ್ಲಿ ಕೈ ಹುಗಿದು ಬೆರಳು ಆಡಿಸುವುದು, ಮೊದಲು ಹಳೆಯ ಮೆತ್ತನೆಯ ಸೀರೆಯಿಂದ, ಆಮೇಲೆ ಒರಟು ಟವೆಲಿನಿಂದ ಬೆರಳು ತಿಕ್ಕುವುದು, ರಾತ್ರಿ ಆ ಕೈಗೆ ಕಾಲುಚೀಲ ತೊಡಿಸಿ ಮಲಗಿಸುವುದು. “ಇವಕ್ಕೂ ಸಿಟ್ಟ ಬಂದೈತಿ” ಅಂತ ಬೆರಳಿನ ಜೊತೆ ತಮಾಷೆ ಮಾಡುತ್ತೀ. ನಗುತ್ತೀ.

ಊಟವಾದ ಮೇಲೆ ಕುಸುಬೆ ಎಣ್ಣೆ ಬೆಚ್ಚಗೆ ಮಾಡಿ ಆ ಬೆರಳು ತಿಕ್ಕುವವಳು ನಾನು. ಅವರು ತೀರಿಹೋದರು, ಅತ್ತೆ ಹೋದರು, ಹೊಲ ಪಾಲಿಗೆ ಕೊಟ್ಟು ಎಲ್ಲರೂ ಸೊಲ್ಲಾಪುರಕ್ಕೆ ಬಂದೆವು — ನಿನ್ನ ಗಂಡ ಊರ ಹೊರಗಿನ ಚಿಂಚೋಳಿಯ ಗೋದಾಮಿಗೆ, ಮಲ್ಲಿನಾಥ ಟವೆಲಿನ ಕಾರ್ಖಾನೆಗೆ — ಎಣ್ಣೆ ತಿಕ್ಕುವುದು ಮಾತ್ರ ತಪ್ಪಲಿಲ್ಲ. ಓಣಿಯವರು ಒಡಹುಟ್ಟಿದ ಅಕ್ಕತಂಗಿಯರ ಹಾಗೆ ಅನ್ನುತ್ತಾರೆ. ಅಕ್ಕಾನ ಕೈಗುಣ ಎಂದು ನೀನು ಕಣ್ಣು ಮುಚ್ಚಿಕೊಳ್ಳುತ್ತೀ. ಉಗುರು ಮತ್ತೆ ಸರಿಯಾಗಿ ಬಾರದ ಆ ಬೆರಳ ತುದಿಯನ್ನು ಹಿಡಿದಾಗಲೆಲ್ಲ ನನಗೆ ಒರಳು ಕಾಣುತ್ತದೆ.

ಪ್ರತಿ ಗುರುವಾರ ನೀನು ಬಸ್ಸು ಹತ್ತಿ ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಹೋಗುತ್ತೀ. ಕೈ ವಾಸಿಯಾಗಲಿ ಎಂದು ಬೇಡಿಕೊಳ್ಳುತ್ತೀ ಎಂದುಕೊಂಡಿದ್ದೆ. ಒಮ್ಮೆ ನಾನೂ ಬಂದಾಗ ಕೇಳಿಸಿಕೊಂಡೆ. ನೀನು ಬೇಡುತ್ತಿದ್ದುದು ಕ್ಷಮೆ. ಆ ಮನೆಯಲ್ಲಿ ಯಾರಾದರೂ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸಕ್ಕೆ ಕ್ಷಮೆ! ಹಾಗಿದ್ದೂ ಬಾಯಿ ಮುಚ್ಚಿಕೊಂಡು ನಿನ್ನ ಜೊತೆ ಬಸ್ಸಿನಲ್ಲಿ ವಾಪಸು ಬಂದೆ, ದಾರಿಯಲ್ಲಿ ಚಹಾ ಕುಡಿದೆ.

ಈ ಸೋಮವಾರ ಆದದ್ದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ಊಟದ ಡಬ್ಬಿ ತಡವಾಯಿತೆಂದು ಮಲ್ಲಿನಾಥ ಅಶ್ವಿನಿಯ ಕೂದಲು ಹಿಡಿದು ಮುಖವನ್ನು ಕಪಾಟಿಗೆ ಬಡಿದ. ನನ್ನ ಮಗ, ನನ್ನ ಸೊಸೆ. ಹುಡುಗಿಯ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ನೀನು ಎದ್ದೆ. ನಿನ್ನ ಬಲಗೈ ಅವನ ಮಣಿಕಟ್ಟಿನ ಕಡೆ ಹೋಯಿತು — ಇನ್ನು ಒಂದು ಗೇಣು — ಅಲ್ಲೇ ನಿಂತಿತು. ನಿನ್ನ ಬೆರಳುಗಳನ್ನು ನೀನೇ ನೋಡಿಕೊಂಡೆ. ಕೈಯನ್ನು ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದೆ. ಅವನು ಅವಳ ಮುಖವನ್ನು ಇನ್ನೊಮ್ಮೆ ಬಡಿದ. ನಾನೆಲ್ಲಿದ್ದೆ? ಅಲ್ಲೇ, ಬೆಳ್ಳುಳ್ಳಿ ಸುಲಿಯುತ್ತಿದ್ದೆ. ತಲೆ ಎತ್ತಿ ನೋಡಿ, ಮತ್ತೆ ಸುಲಿದೆ.

ಮಧ್ಯಾಹ್ನ ಎಣ್ಣೆ ತಿಕ್ಕುವಾಗ ನೀನು ಅಂದೆ, “ಇವತ್ತ ಮುಂಗ್ಯಾ ಭಾಳ ಬಂದಾವ್ರಿ ಅಕ್ಕಾ. ಅವನ ಕೈ ಹಿಡೀಬೇಕ ಅನಿಸ್ತು. ಆದರ ನಂದು ಮೊದಲ ಪಾಪದ ಕೈ... ಮತ್ತೇನರ ಆದೀತು ಅಂತ ಬಿಟ್ಟೆ.”

ಗಂಡ ಹೊಡೆದ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡೆ ಎಂದು ಬರೆದರೆ ಓದಿದವರು ಅಯ್ಯೋ ಎಂದಾರು. ಆ ಅಯ್ಯೋ ನನಗೆ ಬೇಡ. ಹೂಂ ಅಂದವಳು ನಾನು. ಕೈ ಬರಲಿ ಎಂದು ಕಾದವಳು ನಾನು. ಇರಬಹುದವಾ ಎಂದವಳೂ ನಾನು. ದೇವರು ಇದರಲ್ಲಿ ಎಲ್ಲಿಯೂ ಇರಲಿಲ್ಲ. ಅಶ್ವಿನಿಗೆ ಬಿದ್ದ ಎರಡನೆಯ ಏಟಿನಲ್ಲಿ ಮಗನ ಕೈ ಎಷ್ಟಿದೆಯೋ ನನ್ನದೂ ಅಷ್ಟೇ ಇದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ — ನನ್ನ ಕಣ್ಣು ಒರೆಸಿಬಿಡುತ್ತೀ — ನನಗೆ ಅದೇ ಭಯ.

ನಾಳೆ ಗುರುವಾರ. ನೀನು ಬಸ್ಸಿಗೆ ಹೊರಡುವ ಮೊದಲು ನಿನ್ನನ್ನು ಕೂರಿಸಿ, ನಿನ್ನ ಗಂಡನನ್ನೂ ಮಲ್ಲಿನಾಥನನ್ನೂ ಅಶ್ವಿನಿಯನ್ನೂ ಎದುರಿಗೆ ಕರೆದು ಇದನ್ನು ಓದುತ್ತೇನೆ. ಮಗ ನಡುವೆ ಎದ್ದರೆ ಅವನ ಕೈ ಹಿಡಿದು ಕೂರಿಸುತ್ತೇನೆ. ಅವನು ಮತ್ತೆ ಅವಳ ಮೇಲೆ ಕೈ ಎತ್ತಿದರೆ ಹಿಡಿಯುವುದೂ ನನ್ನ ಕೈಯೇ. ಅದು ನಿನ್ನ ಕೆಲಸವಲ್ಲ, ನೀನು ನಿನ್ನ ಪಾಲಿನದನ್ನು ಎಂದೋ ಮಾಡಿ ಮುಗಿಸಿದ್ದೀ.

ಓದಿ ಮುಗಿಯುವ ತನಕ ನಿನ್ನ ಬೆರಳು ಮುಟ್ಟುವುದಿಲ್ಲ. ಆಮೇಲೆ ನೀನು ಕೈ ಚಾಚಿದರೆ ತಿಕ್ಕುತ್ತೇನೆ. ಚಾಚದಿದ್ದರೆ ಎಣ್ಣೆಯ ಬಟ್ಟಲನ್ನು ನಿನ್ನ ಎಡಗೈಯ ಹತ್ತಿರ ಇಟ್ಟು, ಎದ್ದು ಹೋಗುತ್ತೇನೆ.