ಅಕ್ಕನಿಗೆ ಟಾಕೀಸಿನಲ್ಲಿ ನೋಡಿದ ಗಂಡು

ನನ್ನ ಮದುವೆಗೆ ಅಡ್ಡ ನಿಂತವಳು ನನ್ನ ಅಕ್ಕ. ನಾನು ಹುಟ್ಟುವ ಮೊದಲೇ, ವರ್ಷ ತುಂಬುವುದರೊಳಗೆ, ಜ್ವರ ಬಂದು ಅವಳು ತೀರಿಕೊಂಡಿದ್ದಳು. ಅಷ್ಟಕ್ಕೆಲ್ಲ ಬಿಡುಗಡೆ ಕೊಡುವ ಜನ ನಾವಲ್ಲ. ಮದುವೆಯಾಗದೆ ಸತ್ತವರು ಕುಲೆಯಾಗಿ, ಅಂದರೆ ಪ್ರೇತವಾಗಿ, ಮನೆಯಲ್ಲೇ ಬೆಳೆಯುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಪ್ರಾಯಕ್ಕೆ ಬಂದಾಗ ಇನ್ನೊಂದು ಮನೆಯ ಸತ್ತ ಹುಡುಗನನ್ನು ಹುಡುಕಬೇಕು. ಆಟಿ ತಿಂಗಳ ಮಳೆಯಲ್ಲಿ ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ ಇರಿಸಿ ಮದುವೆ ಮಾಡಿಸಬೇಕು. ಇಲ್ಲವಾದರೆ ಬದುಕಿರುವ ತಂಗಿಗೆ ಸಂಬಂಧ ಕೂಡಿಬರುವುದಿಲ್ಲ. ಮೂರು ಕಡೆಯವರು ನನ್ನನ್ನು ನೋಡಿ, ಉಪ್ಪಿಟ್ಟು ತಿಂದು, ಸುದ್ದಿಯಿಲ್ಲದೆ ಹೋಗಿದ್ದರು. ಅದಕ್ಕೆ ನನ್ನ ಮೋರೆ ಕಾರಣವಿರಬಹುದೆಂದು ಯಾರೂ ಹೇಳಲಿಲ್ಲ. ಆ ಮಟ್ಟಿಗೆ ಅಕ್ಕ ನನ್ನ ಮಾನ ಕಾಪಾಡಿದಳು.

ಅಪ್ಪ ಬಂಟ್ವಾಳದ ಒಂದು ಶಾಲೆಯಲ್ಲಿ ಹೆಡ್‌ಮಾಸ್ತರರು, ಮನೆಯಲ್ಲಿಯೂ ಹೆಡ್‌ಮಾಸ್ತರರು. "ಸತ್ತ ಮಗುವಿಗೆ ಮದುವೆಯಂತೆ! ಮಂಡೆ ಸರಿ ಉಂಟಾ ನಿನಗೆ?" ಎಂದು ಅಮ್ಮನನ್ನು ಗದರುತ್ತಿದ್ದರು. ಅಮ್ಮ ವಾದಕ್ಕೆ ನಿಲ್ಲುತ್ತಿರಲಿಲ್ಲ. ಅವರ ಚಹಾಕ್ಕೆ ಬೆಲ್ಲ ಕಡಿಮೆ ಹಾಕುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳು. ಮೂಡುಬಿದಿರೆಗೆ ಬಂದ ಟೂರಿಂಗ್ ಟಾಕೀಸಿನಲ್ಲಿ ದೆವ್ವದ ತಮಾಷೆಯ ಸಿನಿಮಾ ಹಾಕಿದ್ದಾರೆಂದು ಅಪ್ಪನಿಗೆ ಗೊತ್ತಾಯಿತು. ದೆವ್ವವನ್ನು ನೋಡಿ ಒಮ್ಮೆ ನಕ್ಕುಬಿಟ್ಟರೆ ಅಮ್ಮನ ಭ್ರಾಂತು ಬಿಡುತ್ತದೆ ಎಂಬುದು ಅವರ ಲೆಕ್ಕಾಚಾರ. ಭಾನುವಾರ ಮಧ್ಯಾಹ್ನದ ಆಟಕ್ಕೆ ಮೂವರೂ ಬಸ್ಸು ಹತ್ತಿದೆವು.

ಡೇರೆಗೆ ಸುತ್ತ ಕಪ್ಪು ಬಟ್ಟೆ ಕಟ್ಟಿದ್ದರು. ಒಳಗೆ ಬೆಂದುಹೋಗುವಷ್ಟು ಸೆಕೆ. ಹೆಂಗಸರ ಕಡೆ ನಾನು, ಅಮ್ಮ. ಗಂಡಸರ ಕಡೆ ಅಪ್ಪ. ಸಿನಿಮಾದ ದೆವ್ವ ಒಬ್ಬ ಮದುವೆಯಾಗದ ತರುಣ. ಸತ್ತ ಮೇಲೂ ತನ್ನ ಮನೆ ಬಿಡದೆ, ಅಲ್ಲಿಗೆ ಬಾಡಿಗೆಗೆ ಬಂದ ಬಡವರಿಗೆ ಕದ್ದುಮುಚ್ಚಿ ಅನ್ನ ಬೇಯಿಸಿಕೊಡುತ್ತಾನೆ, ಅವರನ್ನು ಪೀಡಿಸುವ ಧಣಿಯ ಪಂಚೆ ಎಳೆಯುತ್ತಾನೆ. ಡೇರೆಗೆ ಡೇರೆಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ದೊಡ್ಡ ನಗು ಅಪ್ಪನದು. ಅಮ್ಮ ಮಾತ್ರ ನಗಲಿಲ್ಲ. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದಳು.

"ಜನ ಒಳ್ಳೆಯದುಂಟು," ಎಂದಳು ನನ್ನ ಕಿವಿಯಲ್ಲಿ. "ನಗುಮುಖ. ಅಡುಗೆ ಕೂಡ ಗೊತ್ತುಂಟು."

"ಅಮ್ಮಾ, ಇದು ಸಿನಿಮಾ!"

"ಸಿನಿಮಾ ಆದರೆ ಅವನಿಗೆ ಮನೆ ಮಠ ಇಲ್ಲವಾ?"

ಆಟ ಮುಗಿದದ್ದೇ ತಡ, ಬಾಗಿಲಲ್ಲಿ ಟಿಕೆಟಿನವನನ್ನು ಹಿಡಿದಳು. "ಆ ಸತ್ತ ಹುಡುಗನ ಮನೆ ಎಲ್ಲಿ ಬರ್ತದೆ?"

"ಮದರಾಸಿನಲ್ಲಿ ಅಮ್ಮಾ. ದೊಡ್ಡ ಬಂಗಲೆ ಉಂಟಂತೆ. ಹೆಂಡತಿ, ಮಕ್ಕಳು, ಎಲ್ಲ ಇದ್ದಾರೆ."

"ಹಾಗಾದರೆ ಬದುಕಿದ್ದಾನಾ?"

"ಮತ್ತೆ? ಗಟ್ಟಿಮುಟ್ಟಾಗಿದ್ದಾರೆ."

"ಛೆ!" ಎಂದಳು ಅಮ್ಮ. ಒಬ್ಬ ಮನುಷ್ಯ ಬದುಕಿದ್ದಾನೆಂದು ಅಷ್ಟು ಬೇಸರಪಟ್ಟವರನ್ನು ನಾನು ಮತ್ತೆ ಕಂಡಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅಪ್ಪ, ಬಸ್ಸಿಗೆ ಕಾಯುವಾಗ ರೇಗುತ್ತಾರೆಂದು ನಾವಿಬ್ಬರೂ ತಯಾರಾಗಿದ್ದೆವು. ಅವರು ರೇಗಲಿಲ್ಲ.

"ಬದುಕಿದ್ದರೂ ಅಷ್ಟೆ, ಸತ್ತಿದ್ದರೂ ಅಷ್ಟೆ, ಅವ ಆಗುವುದಿಲ್ಲ," ಎಂದರು. "ಮೂವತ್ತೈದು ದಾಟಿದ ಹಾಗೆ ಕಾಣ್ತದೆ. ನಮ್ಮವಳಿಗೆ ಬರುವ ಶುಕ್ರವಾರಕ್ಕೆ ಇಪ್ಪತ್ತೆರಡು ತುಂಬುವುದಷ್ಟೆ."

ಅಕ್ಕನಿಗೆ ಇಷ್ಟೊತ್ತಿಗೆ ಇಪ್ಪತ್ತೊಂದೋ ಇಪ್ಪತ್ಮೂರೋ ಎಂದು ಅಮ್ಮ ಸಹ ಅಂದಾಜು ಹೇಳುತ್ತಿದ್ದಳೇ ಹೊರತು, ಯಾವ ವಾರಕ್ಕೆ ತುಂಬುತ್ತದೆಂಬ ಲೆಕ್ಕದವರೆಗೆ ಹೋಗಿರಲಿಲ್ಲ. ಅಪ್ಪ ಆ ಮಗುವನ್ನು 'ನಮ್ಮವಳು' ಎಂದದ್ದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ.

"ನಿಮಗೆ ನೆನಪುಂಟಾ?" ಎಂದಳು ಅಮ್ಮ.

ಅಪ್ಪ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ನನಗೆ ಅಳು ಬಂತು. ನನ್ನ ಮದುವೆಯ ವಿಷಯ ತಲೆಯಿಂದಲೇ ಹಾರಿಹೋಗಿತ್ತು.

"ಇಪ್ಪತ್ತೈದರ ಒಳಗಿನವ ಇದ್ದರೆ ವಿಚಾರಿಸು," ಎಂದರು. "ಈ ಆಟಿಯಲ್ಲೇ ಮಾಡುವ. ಪಾಪ, ಎಷ್ಟು ವರ್ಷ ಅಂತ ಒಬ್ಬಳೇ ಇರ್ತಾಳೆ?"